ಕೊಡಗಿನ ಅತಿಥಿಗಳೂ ಅವರ ಹಣವೂ

ಶನಿವಾರ ಬಂದಿತೆಂದರೆ ಮಕ್ಕಳು ಮರಿಗಳೊಡನೆ ಮೋಟಾರಿನಲ್ಲಿ ಕೊಡಗಿಗೆ ಹೊರಡುವ ವಾಡಿಕೆ ನಮ್ಮ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಗೃಹಸ್ಥರಲ್ಲಿ ಈಚೆಗೆ ಬಹಳವಾಗಿ ಬೆಳೆದಿದೆ. ಮಡಿಕೇರಿಯ ರಾಜಾಸೀಟು, ಅಬ್ಬಿಯ ಜಲಪಾತ, ದುಬಾರೆಯ ಆನೆಗಳು, ತಲಕಾವೇರಿ ಇವುಗಳ ಸೊಬಗನ್ನು ಕುರಿತು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಹೀಗೆ ಹೋದವರು ವೆಚ್ಚಮಾಡಿದ ಹಣ ಆ ಬೆಟ್ಟದ ಸೀಮೆಯಲ್ಲಿ ಯಾರ ಕೈ ಸೇರುತ್ತದೆಂಬುದನ್ನಷ್ಟೆ ನಾವು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಕೊಡಗು ಚಿಕ್ಕ ಜಿಲ್ಲೆ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 5,54,519. ಕಾಫಿ, ಮೆಣಸು, ತಗ್ಗಿನ ಗದ್ದೆಗಳ ಭತ್ತ, ಇವೇ ಅವರ ಬಾಳಿಗೆ ಆಧಾರ. ಕಾಫಿಯ ಹಣವಾದರೋ ವರ್ಷಕ್ಕೊಮ್ಮೆ ಬರತಕ್ಕದ್ದು. ಅದೂ ಪರದೇಶದ ಪೇಟೆಯ ಧಾರಣೆಗೆ ಅಧೀನವಾದದ್ದು. 1989ರಲ್ಲಿ ಕಾಫಿಯ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದಿತು. ಬೆಳೆಯನ್ನೆಲ್ಲ ಕಾಫಿ ಬೋರ್ಡೇ ಕೂಡಿಸಿಕೊಂಡು ಮಾರುತ್ತಿದ್ದ ಪದ್ಧತಿ 1990ರ ದಶಕದಲ್ಲಿ ನಿಂತಿತು. 2001ರ ಸುಮಾರಿಗೆ ಧಾರಣೆ ಪಾತಾಳಕ್ಕಿಳಿಯಿತು. ಇಂತಹ ಏರಿಳಿತಗಳಿಂದ ಕಂಗೆಟ್ಟ ಸಣ್ಣ ಬೆಳೆಗಾರರಿಗೆ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಹೋಂಸ್ಟೇ ಒಂದು ಆಸರೆಯಾಯಿತು. ತಿಥಿಯನ್ನು ನೋಡದೆ ಬರುವವನೇ ಅತಿಥಿಯೆಂದು ಹಿಂದಿನವರು ಆ ಪದವನ್ನು ಬಿಡಿಸುತ್ತಿದ್ದರು. ನಮ್ಮವರೋ ವಾರ ನೋಡಿಕೊಂಡು, ಮುಂಗಡ ಕೊಟ್ಟು ಬರುವ ಅತಿಥಿಗಳು!

ಪೊನ್ನಂಪೇಟೆಯ ಕಡೆ ನಾವು ತಂಗಿದ್ದ ಮನೆಯಲ್ಲಿ ಅಡಿಗೆ ಮನೆಯೊಡತಿಯದೇ. ಅಕ್ಕಿ ಅವರ ಗದ್ದೆಯದು, ಹಾಲು ನೆರೆಮನೆಯದು, ಪಾತ್ರೆ ಬೆಳಗುವವಳು ಆ ಊರಿನವಳೇ. ಕಾಫಿಯ ಹಣ ಬ್ಯಾಂಕಿನ ಸಾಲಕ್ಕೂ ಗೊಬ್ಬರಕ್ಕೂ ಸರಿಹೋಗುವುದೆಂದೂ, ಮಗಳ ಕಾಲೇಜಿನ ಫೀಜು ನಡೆಯುವುದು ಕೋಣೆಯ ಬಾಡಿಗೆಯಿಂದಲೇ ಎಂದೂ ಆಕೆ ಹೇಳಿದರು. ನಾವು ಕೊಟ್ಟ ರೂಪಾಯಿ ಹೀಗೆ ನಾಲ್ಕು ಮನೆ ಸುತ್ತಿ ಆ ಊರಿನಲ್ಲಿಯೇ ಉಳಿಯಿತು.

ಹೊರಗಿನವರು ಬಂಡವಾಳ ಹೂಡಿದ ದೊಡ್ಡ ರೆಸಾರ್ಟುಗಳ ಲೆಕ್ಕವೇ ಬೇರೆ. ಲಾಭವು ಬಂಡವಾಳದ ಹಿಂದೆಯೇ ಹೊರಟುಹೋಗುತ್ತದೆ. ಊರಿಗೆ ಮುಖ್ಯವಾಗಿ ಉಳಿಯುವುದು ಕೆಲಸಗಾರರ ಸಂಬಳ. ತೋಟದಲ್ಲಿ ಕೆಲಸ ಕಡಮೆಯಾದ ತಿಂಗಳುಗಳಲ್ಲಿ ಆ ಸಂಬಳವೂ ಹಗುರವಾದ ಮಾತಲ್ಲ. ಆದರೆ ಏರಿದ ಭೂಮಿಯ ಬೆಲೆ, ಬೇಸಗೆಯ ನೀರಿನ ಅಭಾವ, ದಾರಿಯ ಬದಿಯಲ್ಲಿ ನಮ್ಮವರು ಎಸೆದುಬಂದ ಶೀಶೆಗಳು, ಇವುಗಳ ಹೊರೆ ಕೋಣೆ ಕೊಡದ, ಒಂದು ಕಾಸೂ ಕಾಣದ ಮನೆಗಳ ಮೇಲೂ ಬೀಳುತ್ತದೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡ ಕುಸಿದು ಮನೆ ತೋಟಗಳು ಮಣ್ಣುಪಾಲಾದವು. ಪ್ರವಾಸಿಗರ ಬರವು ನಿಂತುಹೋಯಿತು. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಮತ್ತೊಮ್ಮೆ ನಿಂತಿತು. ತೋಟ ಉಳಿದವರು ಕಾಫಿಯನ್ನು ನಂಬಿ ಹೇಗೋ ಕಾಲ ಕಳೆದರು. ಸಾಲ ಮಾಡಿ ಕೋಣೆ ಕಟ್ಟಿಸಿದವರಿಗೂ, ಮಾಂದಲಪಟ್ಟಿಗೆ ಜನರನ್ನು ಒಯ್ಯಲೆಂದು ಜೀಪು ಕೊಂಡವರಿಗೂ ಬೇರೆ ಆಸರೆಯಿರಲಿಲ್ಲ. ಅತಿಥಿಗಳು ಬರಲಿ ಬಿಡಲಿ, ಬಡ್ಡಿ ಬೆಳೆಯುತ್ತಲೇ ಇತ್ತು.

2024ರಲ್ಲಿ ರೊಬಸ್ಟಾ ಕಾಫಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಪೊನ್ನಂಪೇಟೆಯ ಆ ಮನೆಯೊಡತಿ ಹೆಚ್ಚಿನ ಹಣದಿಂದ ಹೊಸ ಕೋಣೆ ಕಟ್ಟಿಸಲಿಲ್ಲ. ಕಾಫಿಯ ಹೂವಿಗೆ ನೀರು ಹಾಯಿಸುವ ಕೆರೆಯ ಹೂಳು ತೆಗೆಸಿದರು. ಹಳೆಯ ಎರಡು ಕೋಣೆಗಳನ್ನಂತೂ ಮುಚ್ಚಿಲ್ಲ.