ಬಾಯಿ ಯಾರದು? ದನಿ ಯಾರದು?



ನಾವೆಲ್ಲ ಸಿನಿಮಾ ನೋಡ್ತೀವಿ. ಟಿ.ವಿ.ಯಲ್ಲೂ ನೋಡ್ತೀವಿ. ಕಥೆಯ ನಡುವೆ ಹಾಡು ಬರುತ್ತದೆ. ತೆರೆಯ ಮೇಲೆ ನಾಯಕಿ ತುಟಿ ಆಡಿಸುತ್ತಾಳೆ. ಇಂಪಾದ ದನಿ ಕೇಳಿಸುತ್ತದೆ. "ಎಷ್ಟು ಚೆನ್ನಾಗಿ ಹಾಡ್ತಾಳಪ್ಪ!" ಅಂತೀವಿ.

ಆದರೆ ಆ ದನಿ ನಾಯಕಿಯದೇನಾ? ಹೆಚ್ಚಿನ ಸಲ ಅಲ್ಲ. ಬಾಯಿ ಒಬ್ಬರದು, ದನಿ ಇನ್ನೊಬ್ಬರದು. ಕೆಲವರು ಮಾತ್ರ ತಾವೇ ನಟಿಸಿ, ತಾವೇ ಹಾಡಿದ್ದಾರೆ. ಅಂಥವರ ವಿಷಯ ಇಲ್ಲಿದೆ. ನಿಧಾನವಾಗಿ ಓದಿ. ಗೊತ್ತಾಗದಿದ್ದರೆ ಇನ್ನೊಮ್ಮೆ ಓದಿ.

ಹಿನ್ನೆಲೆ ಗಾಯನ ಅಂದರೇನು?

ಸಿನಿಮಾ ಹಾಡು ತಯಾರಾಗುವ ರೀತಿ ಹೀಗೆ. ಒಬ್ಬರು ಹಾಡು ಬರೆಯುತ್ತಾರೆ. ಇನ್ನೊಬ್ಬರು ಅದಕ್ಕೆ ರಾಗ ಹಾಕುತ್ತಾರೆ. ಇವರು ಸಂಗೀತ ನಿರ್ದೇಶಕರು. ಹಾಡುಗಾರರು ಒಂದು ಕೋಣೆಯಲ್ಲಿ ನಿಂತು, ಮೈಕಿನ ಮುಂದೆ ಹಾಡುತ್ತಾರೆ. ಹೊರಗಿನ ಸದ್ದು ಆ ಕೋಣೆಯೊಳಗೆ ಬರುವುದಿಲ್ಲ. ಹಾಡನ್ನು ಅಲ್ಲೇ ಧ್ವನಿಮುದ್ರಣ ಮಾಡುತ್ತಾರೆ.

ಆಮೇಲೆ ಚಿತ್ರೀಕರಣ. ಬೆಟ್ಟದ ಮೇಲೋ, ತೋಟದಲ್ಲೋ ಕ್ಯಾಮೆರಾ ಇಡುತ್ತಾರೆ. ಮೊದಲೇ ತಯಾರಾದ ಹಾಡನ್ನು ಜೋರಾಗಿ ಹಾಕುತ್ತಾರೆ. ನಟ ನಟಿಯರು ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ. ಕುಣಿಯುತ್ತಾರೆ. ಹಾಡಿದವರು ನಮಗೆ ಕಾಣುವುದಿಲ್ಲ. ಅವರು ಹಿಂದೆ ಇರುತ್ತಾರೆ. ಅದಕ್ಕೇ ಇದಕ್ಕೆ ಹಿನ್ನೆಲೆ ಗಾಯನ ಅಂತ ಹೆಸರು.

ಇದರಲ್ಲಿ ಮೋಸ ಏನೂ ಇಲ್ಲ. ಚೆನ್ನಾಗಿ ನಟಿಸುವವರಿಗೆಲ್ಲ ಹಾಡಲು ಬರಬೇಕು ಅಂತಿಲ್ಲ. ಚೆನ್ನಾಗಿ ಹಾಡುವವರಿಗೆಲ್ಲ ನಟನೆ ಬರುವುದಿಲ್ಲ. ಹಾಗಾಗಿ ಕೆಲಸ ಹಂಚಿಕೊಂಡರು.

ನಾಟಕದ ಕಾಲ

ಮೊದಲು ಹೀಗಿರಲಿಲ್ಲ. ಸಿನಿಮಾಕ್ಕಿಂತ ಮುಂಚೆ ನಮ್ಮ ಜನಕ್ಕೆ ನಾಟಕವೇ ದೊಡ್ಡ ಮನರಂಜನೆ. ಊರಿಂದೂರಿಗೆ ನಾಟಕ ಕಂಪನಿಗಳು ಬರುತ್ತಿದ್ದವು. ಗುಬ್ಬಿ ಕಂಪನಿ ಅವುಗಳಲ್ಲಿ ಬಹಳ ಹೆಸರಾದದ್ದು. ಅದು ಶುರುವಾದದ್ದು 1884ರಲ್ಲಿ. ಗುಬ್ಬಿ ವೀರಣ್ಣನವರು ಅದನ್ನು ದೊಡ್ಡದಾಗಿ ಬೆಳೆಸಿದರು.

ಕಂಪನಿ ನಾಟಕ ಅಂದರೆ ಹಾಡು ಇರಲೇಬೇಕು. ರಾಜನಿಗೆ ಕೋಪ ಬಂದರೂ ಹಾಡು. ರಾಣಿಗೆ ದುಃಖ ಆದರೂ ಹಾಡು. ರಂಗದ ಪಕ್ಕದಲ್ಲಿ ಹಾರ್ಮೋನಿಯಂ, ತಬಲ. ಹಾಡು ಹಿಡಿಸಿದರೆ ಜನ "ಒನ್ಸ್ ಮೋರ್" ಅಂತ ಕೂಗುತ್ತಿದ್ದರು. ಅಂದರೆ "ಇನ್ನೊಮ್ಮೆ ಹಾಡಿ" ಅಂತ. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕು ಅಂತ ಜನ ತಮಾಷೆ ಮಾಡುತ್ತಿದ್ದರು!

ಹಳೆಯ ಕಾಲದಲ್ಲಿ ಮೈಕೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕೂತವರಿಗೂ ಹಾಡು ಕೇಳಬೇಕಿತ್ತು. ಅದಕ್ಕೆ ಗಂಟಲು ಗಟ್ಟಿ ಇರಬೇಕು, ಉಸಿರು ಉದ್ದ ಇರಬೇಕು, ಮಾತು ಸ್ಪಷ್ಟ ಇರಬೇಕು. ಹಾಡು ಬಾರದವರಿಗೆ ಅಲ್ಲಿ ದೊಡ್ಡ ಪಾತ್ರ ಸಿಗುವುದು ಕಷ್ಟ.

ಸಿನಿಮಾಕ್ಕೆ ಮಾತು ಬಂತು

ಮೊದಮೊದಲು ಸಿನಿಮಾ ಮೂಕವಾಗಿತ್ತು. ಚಿತ್ರ ಓಡುತ್ತಿತ್ತು, ಮಾತು ಇರಲಿಲ್ಲ. 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಬಂತು. ಅದು ಹಿಂದೂಸ್ತಾನಿ ಭಾಷೆಯದು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'. ಅದು ಬಂದದ್ದು 1934ರಲ್ಲಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರು ಅದರಲ್ಲಿ ನಟಿಸಿದರು. ಆಗ ಹಾಡು ಬರುವ ನಾಟಕದವರನ್ನೇ ಸಿನಿಮಾಕ್ಕೆ ಕರೆಯುತ್ತಿದ್ದರು.

ಏಕೆಂದರೆ ಆಗ ಚಿತ್ರ ತೆಗೆಯುವಾಗಲೇ ಹಾಡಬೇಕಿತ್ತು. ನಟಿ ಹಾಡಬೇಕು, ನಟನೆಯನ್ನೂ ಮಾಡಬೇಕು. ವಾದ್ಯದವರು ಕ್ಯಾಮೆರಾಕ್ಕೆ ಕಾಣದ ಹಾಗೆ ಬದಿಯಲ್ಲಿ ಕೂತು ಬಾರಿಸುತ್ತಿದ್ದರು. ಒಂದು ಕೆಮ್ಮು ಬಂದರೂ ಮತ್ತೆ ಮೊದಲಿಂದ!

1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್ ಸಂಸ್ಥೆಯವರು ಹಾಡನ್ನು ಮೊದಲೇ ಧ್ವನಿಮುದ್ರಣ ಮಾಡುವ ದಾರಿ ಹಿಡಿದರು. ಕೆಲಸ ಸುಲಭವಾಯಿತು. ನಿಧಾನಕ್ಕೆ ಹಾಡುವವರೇ ಬೇರೆ, ನಟಿಸುವವರೇ ಬೇರೆ ಆದರು.

ಮುತ್ತುರಾಜ ಹಾಡಿದ

ಗಾಜನೂರು ಒಂದು ಹಳ್ಳಿ. ಈಗ ಅದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ಅಲ್ಲಿ 1929ರಲ್ಲಿ ಒಬ್ಬ ಹುಡುಗ ಹುಟ್ಟಿದ. ಹೆಸರು ಮುತ್ತುರಾಜ. ತಂದೆ ಪುಟ್ಟಸ್ವಾಮಯ್ಯ, ತಾಯಿ ಲಕ್ಷ್ಮಮ್ಮ. ತಂದೆ ನಾಟಕದ ಕಲಾವಿದರು. ಮನೆಯಲ್ಲಿ ಬಡತನ. ಹುಡುಗ ಶಾಲೆಯಲ್ಲಿ ಹೆಚ್ಚು ಓದಲಿಲ್ಲ. ಚಿಕ್ಕವನಿದ್ದಾಗಲೇ ತಂದೆಯ ಜೊತೆ ನಾಟಕ ಕಂಪನಿ ಸೇರಿದ.

ಆ ಕಂಪನಿಯೇ ಅವನ ಶಾಲೆ ಆಯಿತು. ಅಲ್ಲಿ ನಟನೆ ಕಲಿತ. ಹಾಡು ಕಲಿತ. ಕನ್ನಡವನ್ನು ತಪ್ಪಿಲ್ಲದೆ, ಸ್ಪಷ್ಟವಾಗಿ ಆಡುವುದನ್ನು ಕಲಿತ. 1954ರಲ್ಲಿ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ನಾಯಕನಾದ. ಮುತ್ತುರಾಜ ರಾಜಕುಮಾರ್ ಆದದ್ದು ಹೀಗೆ. ಜನ ಪ್ರೀತಿಯಿಂದ ಅವರನ್ನು ಅಣ್ಣಾವ್ರು ಅಂದರು.

ಹಾಡು ಬರುತ್ತಿತ್ತು. ಆದರೂ ಸುಮಾರು 20 ವರ್ಷ ರಾಜಕುಮಾರ್ ಸಿನಿಮಾದಲ್ಲಿ ಹಾಡಿದ್ದು ಬಹಳ ಕಡಿಮೆ. ಅವರ ಹೆಚ್ಚಿನ ಹಾಡುಗಳಿಗೆ ದನಿ ಕೊಟ್ಟವರು ಪಿ.ಬಿ. ಶ್ರೀನಿವಾಸ್. ಇಬ್ಬರ ದನಿಯೂ ಎಷ್ಟು ಹೊಂದುತ್ತಿತ್ತು ಅಂದರೆ, ರಾಜಕುಮಾರ್ ಅವರೇ ಹಾಡುತ್ತಾರೆ ಅಂತ ಎಷ್ಟೋ ಜನ ತಿಳಿದಿದ್ದರು.

1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರ ತಯಾರಾಗುತ್ತಿತ್ತು. ಎಮ್ಮೆಯ ಮೇಲೆ ಕೂತು ನಾಯಕ ಹಾಡುವ ಹಾಡು ಅದರಲ್ಲಿದೆ. ಆ ಸಮಯಕ್ಕೆ ಶ್ರೀನಿವಾಸ್ ಅವರಿಗೆ ಮೈಗೆ ಹುಷಾರಿರಲಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರು ರಾಜಕುಮಾರ್ ಅವರಿಂದಲೇ ಹಾಡಿಸಿದರು. ಹಾಡು ಊರೂರಿನಲ್ಲಿ ಮೊಳಗಿತು. ಅಲ್ಲಿಂದ ಮುಂದೆ ತಮ್ಮ ಚಿತ್ರಗಳಿಗೆ ಹೆಚ್ಚಾಗಿ ಅವರೇ ಹಾಡಿದರು. ಭಕ್ತಿಗೀತೆ ಹಾಡಿದರು, ಭಾವಗೀತೆ ಹಾಡಿದರು. 1978ರ ಒಂದು ಚಿತ್ರಕ್ಕಾಗಿ ಇಂಗ್ಲಿಷ್ ಹಾಡನ್ನೂ ಹಾಡಿದರು. ಆ ಹಾಡೂ ಜನರ ಬಾಯಲ್ಲಿ ನಲಿಯಿತು.

ಲೆಕ್ಕ ಹಾಕಿ ನೋಡಿ. 1929ರಲ್ಲಿ ಹುಟ್ಟಿದವರು. 1974ರಲ್ಲಿ ಅವರಿಗೆ ಎಷ್ಟು ವಯಸ್ಸು? ಸುಮಾರು 45. ಆ ವಯಸ್ಸಿನಲ್ಲಿ ಅವರ ಹಾಡಿನ ಹೊಸ ದಾರಿ ತೆರೆಯಿತು.

1992ರ 'ಜೀವನ ಚೈತ್ರ' ಚಿತ್ರದ ಹಾಡಿಗೆ ಅವರಿಗೆ ಅತ್ಯುತ್ತಮ ಗಾಯಕ ಎಂದು ರಾಷ್ಟ್ರ ಪ್ರಶಸ್ತಿ ಬಂತು. ಆಗ ಅವರಿಗೆ 60 ದಾಟಿತ್ತು. ಇಷ್ಟು ಹೆಸರಾದ ನಟನಿಗೆ ದೇಶದ ಆ ಪ್ರಶಸ್ತಿ ಸಿಕ್ಕಿದ್ದು ಹಾಡಿಗೆ! ಆ ಚಿತ್ರದ ಕಥೆಯಲ್ಲಿ ಹಳ್ಳಿಯ ಸಾರಾಯಿ ಅಂಗಡಿಯ ವಿರುದ್ಧ ಹೋರಾಟವೂ ಇದೆ. ಕುಡಿತದಿಂದ ಮನೆ ಹಾಳಾಗುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

1995ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಬಂತು. 2006ರಲ್ಲಿ ಅವರು ತೀರಿಕೊಂಡರು. ಅವರ ಮಗ ಪುನೀತ್ ರಾಜಕುಮಾರ್ ಕೂಡ ನಟ, ಹಾಡುಗಾರ. 2021ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅವರೂ ಹೋದರು. ಇಬ್ಬರ ಹಾಡೂ ಇಂದಿಗೂ ಊರ ಜಾತ್ರೆಯಲ್ಲಿ ಕೇಳಿಸುತ್ತದೆ.

ಬೀಳಗಿಯ ಅಮೀರಬಾಯಿ

ಹೆಣ್ಣುಮಕ್ಕಳ ದಾರಿ ಇನ್ನೂ ಕಷ್ಟದ್ದು. ರಂಗದ ಮೇಲೆ ಹೆಣ್ಣು ಹಾಡಿದರೆ ಕೇಳಲು ಸಾವಿರ ಜನ ಬರುತ್ತಿದ್ದರು. ಬೆಳಗಾದರೆ ಅವಳನ್ನೇ ಕೀಳಾಗಿ ಮಾತಾಡುತ್ತಿದ್ದರು. ಹಾಡು ಬೇಕು, ಹಾಡುವವಳು ಬೇಡ. ಇದು ಯಾವ ನ್ಯಾಯ?

ಅಮೀರಬಾಯಿ ಕರ್ನಾಟಕಿ ಬೀಳಗಿಯವರು. ಆಗ ಅದು ಬಿಜಾಪುರ ಜಿಲ್ಲೆ, ಈಗ ಬಾಗಲಕೋಟೆ ಜಿಲ್ಲೆ. ಅವರೂ, ಅವರ ಅಕ್ಕ ಗೋಹರಬಾಯಿಯೂ ಹಾಡುಗಾರ್ತಿಯರು, ನಟಿಯರು. ಅಮೀರಬಾಯಿ ಮುಂಬಯಿಗೆ ಹೋದರು. ಹಿಂದಿ ಚಿತ್ರಗಳಲ್ಲಿ ನಟಿಸಿದರು, ಹಾಡಿದರು. 1943ರಲ್ಲಿ 'ಕಿಸ್ಮತ್' ಎಂಬ ಚಿತ್ರ ಬಂತು. ಕಲ್ಕತ್ತಾದ ಒಂದೇ ಚಿತ್ರಮಂದಿರದಲ್ಲಿ ಅದು 3 ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದರ ಹಾಡುಗಳಿಂದ ಅಮೀರಬಾಯಿಯ ಹೆಸರು ದೇಶವೆಲ್ಲ ಹಬ್ಬಿತು.

ಹೊರಗೆ ಹೆಸರು, ಮನೆಯೊಳಗೆ ನೋವು. ಮೊದಲ ಮದುವೆಯಲ್ಲಿ ಅವರು ಬಹಳ ಕಷ್ಟ ಉಂಡರು. ಆ ಮದುವೆ ಮುರಿಯಿತು. ಅಮೀರಬಾಯಿ ಮುರಿಯಲಿಲ್ಲ. ಮತ್ತೆ ಹಾಡಿದರು, ನಟಿಸಿದರು. ಮುಂಬಯಿಗೆ ಹೋದರೂ ತಮ್ಮ ಹೆಸರಿನ ಜೊತೆ "ಕರ್ನಾಟಕಿ" ಅಂತಲೇ ಉಳಿಸಿಕೊಂಡರು. ಬಿಜಾಪುರದಲ್ಲಿ ಅವರ ಹೆಸರಿನ ಚಿತ್ರಮಂದಿರವೂ ಬಂತು. 1965ರಲ್ಲಿ ಅವರು ತೀರಿಕೊಂಡರು.

ಗದೆ ಹಿಡಿದ ನಾಗರತ್ನಮ್ಮ

ಆರ್. ನಾಗರತ್ನಮ್ಮನವರ ಕಥೆ ಇನ್ನೊಂದು ತರಹ. ಅವರು ಹುಟ್ಟಿದ್ದು ಮೈಸೂರಿನಲ್ಲಿ. ಹಿಂದೆ ಗಂಡಸರೇ ಸೀರೆ ಉಟ್ಟು ಹೆಣ್ಣು ಪಾತ್ರ ಮಾಡುತ್ತಿದ್ದರು. ನಾಗರತ್ನಮ್ಮ ಇದನ್ನು ತಿರುಗಿಸಿದರು. 1958ರಲ್ಲಿ ಹೆಂಗಸರದ್ದೇ ನಾಟಕ ತಂಡ ಕಟ್ಟಿದರು. ಅದರ ಹೆಸರು ಸ್ತ್ರೀ ನಾಟಕ ಮಂಡಳಿ. ಅಲ್ಲಿ ಗಂಡು ಪಾತ್ರವೂ ಹೆಂಗಸರದೇ. ಕಂಸ, ರಾವಣ, ದುರ್ಯೋಧನ, ಭೀಮ, ಇವೆಲ್ಲ ನಾಗರತ್ನಮ್ಮನವರ ಪಾತ್ರಗಳು! ಮೀಸೆ ಅಂಟಿಸಿ, ಕಿರೀಟ ಇಟ್ಟು, ಗದೆ ಹಿಡಿದು ಗರ್ಜಿಸಿದರೆ ಜನ ಬೆರಗಾಗುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು.

ಬಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು. ಚಿಕ್ಕಂದಿನಿಂದ ರಂಗದ ಮೇಲೆ ಬೆಳೆದವರು. ಅವರ ದನಿ ಗಟ್ಟಿ, ಗಡಸು. ಹೆಣ್ಣಿನ ದನಿ ಸಣ್ಣಗೇ, ನಯವಾಗೇ ಇರಬೇಕು ಅಂತ ಹೇಳುವವರಿಗೆ ಅವರ ಹಾಡೇ ಉತ್ತರ. ನಟಿಸಿದರು, ಹಾಡಿದರು, ನಾಟಕ ಆಡಿಸಿದರು. 2010ರಲ್ಲಿ ರಾಜ್ಯಸಭೆಗೆ ನೇಮಕವಾದರು. 2013ರಲ್ಲಿ ಪದ್ಮಶ್ರೀ ಪಡೆದರು.

ನಟನೆ ಬಂದವರ ಹಾಡು ಏಕೆ ಮನಸ್ಸಿಗೆ ನಾಟುತ್ತದೆ?

ಒಂದು: ಅವರಿಗೆ ಪಾತ್ರದ ಸುಖ ದುಃಖ ಗೊತ್ತು. ಎಲ್ಲಿ ದನಿ ಏರಿಸಬೇಕು, ಎಲ್ಲಿ ತಗ್ಗಿಸಬೇಕು ಅಂತ ತಿಳಿದಿರುತ್ತದೆ.

ಎರಡು: ನಾಟಕದಲ್ಲಿ ಮಾತು ಸ್ಪಷ್ಟವಾಗಿ ಆಡಿ ಅಭ್ಯಾಸ. ಹಾಡಿನ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಮೂರು: ಉಸಿರಿನ ಮೇಲೆ ಹಿಡಿತ. ಹೊಟ್ಟೆಯಿಂದ ಉಸಿರೆಳೆದು ನಿಧಾನವಾಗಿ ಬಿಟ್ಟರೆ ದನಿ ಉದ್ದ ನಿಲ್ಲುತ್ತದೆ. ಇದು ದಿನವೂ ಅಭ್ಯಾಸ ಮಾಡಿದರೆ ಬರುತ್ತದೆ.

ಹಾಡಿದವರ ಹೆಸರು ಎಲ್ಲಿ?

ಒಂದು ಕಾಲದಲ್ಲಿ ಹಾಡಿನ ತಟ್ಟೆಯ ಮೇಲೆ ಹಾಡಿದವರ ಹೆಸರನ್ನೇ ಬರೆಯುತ್ತಿರಲಿಲ್ಲ. 1949ರಲ್ಲಿ 'ಮಹಲ್' ಎಂಬ ಹಿಂದಿ ಚಿತ್ರ ಬಂತು. ಅದರ ಬಹು ಹೆಸರಾದ ಹಾಡು ಹಾಡಿದ್ದು ಲತಾ ಮಂಗೇಶ್ಕರ್. ಆದರೆ ತಟ್ಟೆಯ ಮೇಲೆ ಇದ್ದದ್ದು "ಕಾಮಿನಿ" ಅಂತ. ಅದು ಸಿನಿಮಾದ ಪಾತ್ರದ ಹೆಸರು! ದನಿ ಲತಾ ಅವರದು, ಹೆಸರು ಇಲ್ಲದ ಒಬ್ಬಳದು. ಆಮೇಲೆ ಹಾಡುಗಾರರ ಹೆಸರು ಹಾಕುವುದು ರೂಢಿಗೆ ಬಂತು.

ದುಡಿದವರು ಒಬ್ಬರು, ಹೆಸರು ಇನ್ನೊಬ್ಬರಿಗೆ. ಇದು ಸಿನಿಮಾದಲ್ಲಿ ಮಾತ್ರವಾ? ಹೊಲದಲ್ಲಿ ಕಳೆ ತೆಗೆದವಳು ಯಾರು? ಪಹಣಿಯಲ್ಲಿ ಹೆಸರು ಯಾರದು? ಯೋಚನೆ ಮಾಡಿ.

ಈಗ ನಿಮಗೆ ಓದಲು ಬರುತ್ತದೆ. ಇನ್ನು ಮುಂದೆ ಸಿನಿಮಾ ಶುರುವಾದಾಗ ತೆರೆಯ ಮೇಲಿನ ಅಕ್ಷರ ನೋಡಿ. "ಹಿನ್ನೆಲೆ ಗಾಯಕರು" ಅಂತ ಬರುತ್ತದೆ. ಅದರ ಕೆಳಗಿನ ಹೆಸರು ಓದಿ. ಅಕ್ಷರ ಬೇಗ ಓಡುತ್ತದೆ. ಮೊದಲ ಸಲ ಒಂದೇ ಹೆಸರು ಸಿಗಬಹುದು. ಪರವಾಗಿಲ್ಲ. ಮುಂದಿನ ಸಲ ಎರಡು ಸಿಗುತ್ತದೆ.

ನಮ್ಮ ಗಂಟಲಿನ ಹಾಡು

ಬೀಸುವಾಗ ಹಾಡಿದವರು ನಾವು. ಮದುವೆಯಲ್ಲಿ ಸೋಬಾನೆ ಹಾಡಿದವರು ನಾವು. ತೊಟ್ಟಿಲು ತೂಗಿ ಜೋಗುಳ ಹಾಡಿದವರೂ ನಾವೇ. ಅಜ್ಜಿಯರ ಜೊತೆ ಎಷ್ಟೋ ಹಾಡು ಮಣ್ಣಾಗಿ ಹೋಯಿತು. ಏಕೆ? ಅವರಿಗೆ ಬರೆಯಲು ಬರುತ್ತಿರಲಿಲ್ಲ.

ನಿಮಗೆ ಬರುತ್ತದೆ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಅಮ್ಮನಿಂದ, ಅತ್ತೆಯಿಂದ, ಪಕ್ಕದ ಮನೆ ಅಜ್ಜಿಯಿಂದ ಒಂದು ಹಾಡು ಕೇಳಿ ಬರೆದುಕೊಳ್ಳಿ. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ. ಹಾಡಿನ ಕೆಳಗೆ ಹಾಡಿದವರ ಹೆಸರು ಬರೆಯಿರಿ. ಅದರ ಕೆಳಗೆ, ಬರೆದವರು ಅಂತ ನಿಮ್ಮ ಹೆಸರು ಬರೆಯಿರಿ.

ಓದಿದಿರಲ್ಲ, ಈಗ ಮಾತಾಡಿ

1. ಹಿನ್ನೆಲೆ ಗಾಯನ ಅಂದರೇನು? ನಿಮ್ಮ ಮಾತಿನಲ್ಲಿ ಹೇಳಿ.
2. ರಾಜಕುಮಾರ್ ಹಾಡು ಕಲಿತದ್ದು ಎಲ್ಲಿ?
3. ಸ್ತ್ರೀ ನಾಟಕ ಮಂಡಳಿಯ ವಿಶೇಷ ಏನು?
4. ನಿಮ್ಮ ಊರಿನಲ್ಲಿ ಚೆನ್ನಾಗಿ ಹಾಡುವ ಹೆಂಗಸರು ಯಾರು? ಅವರ ಹೆಸರು ಬರೆಯಿರಿ.
5. "ಹಾಡು ಬೇಕು, ಹಾಡುವವಳು ಬೇಡ." ಈ ಮಾತಿನ ಬಗ್ಗೆ ನಿಮಗೆ ಏನನ್ನಿಸುತ್ತದೆ? ಎಲ್ಲರೂ ಕೂತು ಚರ್ಚಿಸಿ.