ರಸ್ತೆಯ ಸಾವು ಹಣೆಬರಹವೇ? ಬೆಂಗಳೂರಿನ ಅಂಕಿಗಳು ಹೇಳುವ ಮಾತು

ಅಪಘಾತದಲ್ಲಿ ಮಗನನ್ನೋ ಮಗಳನ್ನೋ ಕಳೆದುಕೊಂಡವರ ಮನೆಗೆ ಸಾಂತ್ವನ ಹೇಳಲು ಹೋದಾಗ ನಾವು ಬಹುತೇಕ ಒಂದೇ ಮಾತನ್ನು ಕೇಳುತ್ತೇವೆ: ‘ಆಯುಷ್ಯ ಅಷ್ಟೇ ಇತ್ತು, ಶಿವ ಕರೆಸಿಕೊಂಡ.’ ದುಃಖದಲ್ಲಿ ಮುಳುಗಿದವರಿಗೆ ಆ ಮಾತು ಆಸರೆ. ಆ ಹೊತ್ತಿನಲ್ಲಿ ಅದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಅದೇ ಮಾತು ಗಾಡಿಯ ಕೀಲಿಕೈ ಹಿಡಿದು ಹೊರಟವರ ಬಾಯಲ್ಲಿ ಬಂದರೆ ಅದು ಅಪಾಯದ ಮಾತಾಗುತ್ತದೆ. ಒಂದು ಕಾಲಕ್ಕೆ ಕಾಲರಾ ಬಂದಾಗಲೂ ನಮ್ಮ ಹಿರಿಯರು ಮಾರಿಯ ಕೋಪವೆಂದೇ ತಿಳಿದಿದ್ದರು. ಅದರ ಕಾರಣ ಕುಡಿಯುವ ನೀರಿನಲ್ಲಿದೆಯೆಂದು ಗೊತ್ತಾದ ಮೇಲೆ ಆ ರೋಗ ಹಿಂದೆ ಸರಿಯಿತು. ರಸ್ತೆಯ ಸಾವಿಗೂ ಹೀಗೆ ಎಣಿಸಬಹುದಾದ, ತಡೆಯಬಹುದಾದ ಕಾರಣಗಳಿವೆ. ಆದ್ದರಿಂದಲೇ ಈ ವಿಷಯವನ್ನು ಆರೋಗ್ಯ ವಿಭಾಗದಲ್ಲಿ ಬರೆಯುತ್ತಿದ್ದೇವೆ.

2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮೃತಪಟ್ಟರು. ಕರ್ನಾಟಕದ ಪಾಲು 11 ಸಾವಿರಕ್ಕೂ ಹೆಚ್ಚು. ಇಷ್ಟು ದೊಡ್ಡ ಸಂಖ್ಯೆಗಳು ಮನಸ್ಸಿಗೆ ತಟ್ಟುವುದಿಲ್ಲ. ಓದುತ್ತೇವೆ, ಪುಟ ತಿರುವುತ್ತೇವೆ. ಆದ್ದರಿಂದ ಒಂದೇ ನಗರವನ್ನು ತೆಗೆದುಕೊಳ್ಳೋಣ. ನಮ್ಮ ಓದುಗರಲ್ಲಿ ಅನೇಕರ ಮಕ್ಕಳು ಓದಿಗೆ, ಉದ್ಯೋಗಕ್ಕೆ ಸೇರಿರುವ ಬೆಂಗಳೂರನ್ನೇ ನೋಡೋಣ.

ಬೆಂಗಳೂರು ಸಂಚಾರ ಪೊಲೀಸರ ಲೆಕ್ಕದಂತೆ 2007ರಲ್ಲಿ ನಗರದಲ್ಲಿ ಸುಮಾರು 8,400 ಅಪಘಾತಗಳಾಗಿ 980ರಷ್ಟು ಜನರು ಮಡಿದರು. 2015ರ ಹೊತ್ತಿಗೆ ಅಪಘಾತಗಳು 4,800ರ ಆಸುಪಾಸಿಗೆ ಇಳಿದವು. ಸಾವು ಮಾತ್ರ 740. 2023ರಲ್ಲಿ ಅಪಘಾತಗಳು 5,000ದ ಹತ್ತಿರ, ಸಾವು 900ಕ್ಕೂ ಮೇಲೆ. ಈ ನಡುವೆ ನಗರದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ಇಷ್ಟು ವಾಹನಗಳ ನಡುವೆಯೂ ಅಪಘಾತಗಳು ಕಡಿಮೆಯಾದುದು ಸಮಾಧಾನದ ಸಂಗತಿ ಎನಿಸಬಹುದು. ಆದರೆ ಇನ್ನೊಂದು ಬಗೆಯಲ್ಲಿ ಎಣಿಸಿದರೆ ಸಮಾಧಾನ ಉಳಿಯುವುದಿಲ್ಲ. 2007ರಲ್ಲಿ ಎಂಟೊಂಬತ್ತು ಅಪಘಾತಗಳಿಗೆ ಒಂದು ಸಾವು. 2015ರಲ್ಲಿ ಆರೇಳಕ್ಕೆ ಒಂದು. 2023ರಲ್ಲಿ ಐದಾರಕ್ಕೆ ಒಂದು. ಸಣ್ಣಪುಟ್ಟ ತಾಗಾಟಗಳನ್ನು ಈಗ ಜನ ಠಾಣೆಯವರೆಗೆ ಒಯ್ಯದೆ ರಸ್ತೆಯಲ್ಲೇ ಮುಗಿಸಿಕೊಳ್ಳುವುದೂ ಇದಕ್ಕೆ ಸ್ವಲ್ಪ ಕಾರಣವಿರಬಹುದು. ಆದರೂ ಅದರಿಂದಲೇ ಪೂರ್ತಿ ವಿವರಣೆ ದೊರೆಯುವುದಿಲ್ಲ ಎಂಬುದಕ್ಕೆ ಒಂದು ವರ್ಷ ಸಾಕ್ಷಿಯಾಗಿದೆ.

ಅದು 2020. ಕೊರೊನಾದ ದಿಗ್ಬಂಧನದಿಂದ ಬೆಂಗಳೂರಿನ ರಸ್ತೆಗಳು ತಿಂಗಳುಗಟ್ಟಲೆ ಬರಿದಾಗಿದ್ದವು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಅಪಘಾತಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು. ಸಾವೂ ಅಷ್ಟೇ ಇಳಿಯಬೇಕಿತ್ತಲ್ಲವೇ? ಇಳಿಯಲಿಲ್ಲ. 2019ರಲ್ಲಿ 770ರ ಸಮೀಪವಿದ್ದದ್ದು 650ರ ಸಮೀಪಕ್ಕೆ ಬಂತು, ಅಷ್ಟೆ. ರಸ್ತೆ ಅತಿ ಖಾಲಿಯಾಗಿದ್ದ ಆ ವರ್ಷವೇ ಪ್ರತಿ ಅಪಘಾತವೂ ಹೆಚ್ಚು ಮಾರಕವಾಗಿತ್ತು. ಎದುರಿಗೆ ವಾಹನವಿಲ್ಲದಿದ್ದಾಗ ಮನುಷ್ಯ ವೇಗ ಹೆಚ್ಚಿಸುತ್ತಾನೆ. ಸಂಜೆಯ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವರು ಬೆಂಗಳೂರಿನ ಸಂಚಾರವನ್ನು ಬೈಯುತ್ತಾರೆ; ಆದರೆ ಆ ಇಕ್ಕಟ್ಟು ತಾಳ್ಮೆಯನ್ನು ಕೊಲ್ಲುತ್ತದೆಯೇ ಹೊರತು ಜೀವವನ್ನಲ್ಲ. ಜೀವ ತೆಗೆಯುವುದು ರಾತ್ರಿ ಹತ್ತರ ಮೇಲಿನ ಬಳ್ಳಾರಿ ರಸ್ತೆ, ತುಮಕೂರು ರಸ್ತೆ, ಹೊರವರ್ತುಲ ರಸ್ತೆಗಳಂತಹ ಅಗಲವಾದ ನುಣುಪು ದಾರಿಗಳು. ನೈಸ್ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ದ್ವಿಚಕ್ರ ವಾಹನಗಳನ್ನು ಪೊಲೀಸರು 2022ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಗುಂಡಿಗಳ ಬಗ್ಗೆ ದಿನಪತ್ರಿಕೆಗಳು ಬರೆಯುವುದು ನ್ಯಾಯವೇ. ಗುಂಡಿಯಿಂದ ಸಾಯುವವರಿದ್ದಾರೆ. ಆದರೆ ರಸ್ತೆ ಚೆನ್ನಾದಾಗ ಸಾವು ತಾನಾಗಿ ಕಡಿಮೆಯಾಗುತ್ತದೆಂಬ ನಂಬಿಕೆಯನ್ನು ಅಂಕಿಗಳು ಒಪ್ಪುವುದಿಲ್ಲ.

ವೇಗ ದೇಹಕ್ಕೆ ಮಾಡುವುದೇನೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾತ ಗೋಡೆಗೆ ಬಡಿದರೆ ಅದು ಸುಮಾರು 6 ಮೀಟರ್ ಎತ್ತರದಿಂದ, ಎಂದರೆ ಎರಡಂತಸ್ತಿನ ಮನೆಯ ಮಾಳಿಗೆಯಿಂದ ಕೆಳಗೆ ಬಿದ್ದುದಕ್ಕೆ ಸಮ. 60ರ ವೇಗದಲ್ಲಿ ಅದು 14 ಮೀಟರ್, ನಾಲ್ಕಂತಸ್ತಿಗೂ ಮೇಲೆ. ವೇಗ ಒಂದೂವರೆ ಪಟ್ಟಾದರೆ ಪೆಟ್ಟು ಎರಡೂಕಾಲು ಪಟ್ಟಾಗುತ್ತದೆ. ನಾಲ್ಕನೆಯ ಅಂತಸ್ತಿನ ಅಂಚಿನಲ್ಲಿ ನಿಲ್ಲಲು ಕಾಲು ನಡುಗುವ ಮನುಷ್ಯನೇ 60ರ ವೇಗದಲ್ಲಿ ಒಂದು ಕೈಯಲ್ಲಿ ಮೊಬೈಲು ಹಿಡಿದು ಸಾಗುತ್ತಾನೆ!

ನಿಲ್ಲಿಸುವ ದೂರದ ಲೆಕ್ಕವೂ ಹೀಗೆಯೇ. ಅಡ್ಡ ಬಂದ ಮಗುವನ್ನು ಕಣ್ಣು ಕಂಡು, ಮನಸ್ಸು ಅರಿತು, ಕೈಕಾಲು ಬ್ರೇಕು ಒತ್ತುವಷ್ಟರಲ್ಲಿ ಸುಮಾರು ಒಂದೂವರೆ ಸೆಕೆಂಡು ಕಳೆಯುತ್ತದೆ. 40ರ ವೇಗದಲ್ಲಿರುವ ವಾಹನ ಒಣ ರಸ್ತೆಯಲ್ಲಿ ಒಟ್ಟು 27 ಮೀಟರಿನೊಳಗೆ ನಿಲ್ಲುತ್ತದೆ. 60ರ ವೇಗದ ವಾಹನಕ್ಕೆ 48 ಮೀಟರ್ ಬೇಕು. ಮಗು 27 ಮೀಟರ್ ದೂರದಲ್ಲಿತ್ತೆಂದುಕೊಳ್ಳಿ. ಮೊದಲನೆಯವನು ಮಗುವಿನ ಮುಂದೆ ನಿಲ್ಲುತ್ತಾನೆ. ಎರಡನೆಯವನಿಗೆ ಬ್ರೇಕು ಹಿಡಿಯುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಹೆಚ್ಚುಕಡಿಮೆ ಪೂರ್ಣ ವೇಗದಲ್ಲಿಯೇ ಅವನು ಮಗುವಿಗೆ ಬಡಿಯುತ್ತಾನೆ. ಇಬ್ಬರೂ ಒಳ್ಳೆಯ ಚಾಲಕರೇ, ಇಬ್ಬರ ಕಣ್ಣೂ ಚುರುಕೇ. ಇದರಲ್ಲಿ ಹಣೆಬರಹ ಯಾವುದು? ಇಷ್ಟಕ್ಕೆ ಪ್ರತಿಯಾಗಿ ಎರಡನೆಯವನಿಗೆ ಸಿಕ್ಕುವ ಲಾಭ, ಹತ್ತು ಕಿಲೋಮೀಟರ್ ದಾರಿಯಲ್ಲಿ ಐದು ನಿಮಿಷ. ಸಿಗ್ನಲ್ಲುಗಳಿರುವ ಊರಿನಲ್ಲಿ ಅದೂ ಇಲ್ಲ.

ವೇಗವನ್ನು ಹಿಡಿದರೆ ಸಾವು ಇಳಿಯುತ್ತದೆಯೆಂಬುದಕ್ಕೆ ಪ್ರಯೋಗದಂತಹ ನಿದರ್ಶನವೊಂದು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೊಸ ಹೆದ್ದಾರಿಯಲ್ಲಿ ನಡೆಯಿತು. 2023ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾಯಿತು. ಮೇ, ಜೂನ್ ತಿಂಗಳುಗಳಲ್ಲಿ ಪ್ರತಿ ತಿಂಗಳೂ ಮೂವತ್ತರ ಹತ್ತಿರ ಜನರು ಆ ರಸ್ತೆಯಲ್ಲಿ ಸತ್ತರು. ಜುಲೈಯಲ್ಲಿ ಪೊಲೀಸರು ವೇಗ ಅಳೆಯುವ ಯಂತ್ರಗಳೊಂದಿಗೆ ನಿಂತರು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಪಕ್ಕದ ರಸ್ತೆಗೆ ಕಳುಹಿಸಲಾಯಿತು. ಆ ಎರಡು ತಿಂಗಳುಗಳ ಸಾವು ತಲಾ ಹತ್ತಕ್ಕಿಂತ ಕೆಳಗಿಳಿಯಿತು. ರಸ್ತೆ ಅದೇ, ಜನರೂ ಅವರೇ.

ಇಲ್ಲಿ ಯಾತ್ರೆಯ ಮಾತೊಂದನ್ನು ಹೇಳದಿರಲಾರೆವು. 2024ರ ಜೂನ್ ಕೊನೆಯಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿಯ ಬಳಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭಕ್ತರ ವಾಹನ ನಿಂತಿದ್ದ ಲಾರಿಗೆ ಬಡಿದು 13 ಜನರು ಮಡಿದರು. ಇನ್ನೂ ಬೆಳಕು ಹರಿಯದ ಹೊತ್ತು. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ತನ್ನ ನಿದ್ರೆಯನ್ನು ಕೇಳಿಯೇ ಕೇಳುತ್ತದೆ. ಚಹಾ, ಹಾಡು, ಕಿಟಕಿಯ ಗಾಳಿ ಯಾವುದೂ ಅದನ್ನು ಹೆಚ್ಚು ಹೊತ್ತು ತಡೆಯಲಾರವು. ಎರಡು ಸೆಕೆಂಡು ರೆಪ್ಪೆ ಮುಚ್ಚಿದರೆ 80ರ ವೇಗದ ವಾಹನ 44 ಮೀಟರ್ ಕುರುಡಾಗಿ ಓಡಿರುತ್ತದೆ. ಒಂದೇ ದಿನದಲ್ಲಿ ಮೂರು ಕ್ಷೇತ್ರಗಳನ್ನು ಮುಗಿಸಿ, ಲಾಡ್ಜಿನ ಖರ್ಚು ಉಳಿಸಲು ರಾತ್ರಿಯೇ ಹೊರಡುವ ಪರಿಪಾಠವನ್ನು ನಾವು ಬಿಡಬೇಕು. ಜಾತ್ರೆಗೆ ಬಂದವರು ರಾತ್ರಿಯ ಪ್ರಸಾದ ಸ್ವೀಕರಿಸಿ ಅಲ್ಲೇ ಜಮಖಾನೆ ಹಾಸಿ ಮಲಗಿ ಬೆಳಗಿಗೆ ಹೊರಡುತ್ತಿದ್ದ ಕಾಲ ಇನ್ನೂ ಅನೇಕರ ನೆನಪಿನಲ್ಲಿದೆ.

ಸಾಯುವವರು ಯಾರು? ಬೆಂಗಳೂರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಅವರಿಗೂ ಮಿಗಿಲಾಗಿ ದ್ವಿಚಕ್ರ ವಾಹನದವರು. ಕಬ್ಬಿಣದ ಕವಚದೊಳಗೆ ಕುಳಿತವರಿಗಿಂತ ಬರಿಮೈಯಲ್ಲಿ ರಸ್ತೆಗಿಳಿದವರೇ ಹೆಚ್ಚು. ಈ ಬರಿಮೈಯಲ್ಲಿ ಅತಿ ಮೃದುವಾದ ಅಂಗ ಮೆದುಳು. ಗಟ್ಟಿ ಬುರುಡೆಯೊಳಗೆ ಅದು ತೇಲುತ್ತಿರುತ್ತದೆ. ತಲೆ ಥಟ್ಟನೆ ನಿಂತಾಗ ಮೆದುಳು ಒಳಗಿನ ಗೋಡೆಗೆ ಅಪ್ಪಳಿಸುತ್ತದೆ. ಎಳೆಗಳು ಹರಿಯುತ್ತವೆ, ರಕ್ತನಾಳ ಒಡೆಯುತ್ತದೆ. ಹೆಲ್ಮೆಟ್ಟಿನ ಕೆಲಸ ಬುರುಡೆಯನ್ನು ಮುಚ್ಚುವುದಷ್ಟೇ ಎಂದು ಹಲವರು ತಿಳಿದಿದ್ದಾರೆ. ಅದರ ನಿಜವಾದ ಕೆಲಸವನ್ನು ಮಾಡುವುದು ಒಳಗಿನ ಥರ್ಮಾಕೋಲ್ ಪದರ. ಅದು ಕುಸಿಯುತ್ತಾ ತಲೆ ನಿಲ್ಲುವ ಕ್ಷಣವನ್ನು ಕೊಂಚ ಉದ್ದ ಮಾಡುತ್ತದೆ; ಆ ಕೊಂಚದಲ್ಲಿ ಮೆದುಳು ಉಳಿಯುತ್ತದೆ. ಆದ್ದರಿಂದ ಒಮ್ಮೆ ಬಲವಾದ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಪ್ರಯೋಜನಕ್ಕಿಲ್ಲ. ದಂಡ ತಪ್ಪಿಸಿಕೊಳ್ಳಲು ಕೊಂಡ ಬಟ್ಟಲಿನಂತಹ ಟೋಪಿಯಲ್ಲಿ ಆ ಪದರವೇ ಸರಿಯಾಗಿರುವುದಿಲ್ಲ. ಐ.ಎಸ್.ಐ. ಗುರುತಿರುವ, ಕಿವಿಯನ್ನೂ ಮುಚ್ಚುವ ಹೆಲ್ಮೆಟ್ ಬೇಕು. ಗಲ್ಲದ ಪಟ್ಟಿ ಕಟ್ಟಿರಬೇಕು. ಕಟ್ಟದಿದ್ದರೆ ತಲೆ ನೆಲಕ್ಕೆ ತಾಗುವ ಮೊದಲೇ ಅದು ಹಾರಿಹೋಗಿರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಶೇಕಡಾ 42ರಷ್ಟು, ತಲೆಯ ಗಾಯದ ಸಂಭವವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ. ಇಷ್ಟು ಫಲ ಕೊಡುವ ಮಾತ್ರೆಯೊಂದು ಇದ್ದಿದ್ದರೆ ಔಷಧಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದೆವು.

ಹಿಂದೆ ಕುಳಿತವರ ವಿಷಯದಲ್ಲಿ ನಮ್ಮ ಉದಾಸೀನ ಇನ್ನೂ ಹೆಚ್ಚು. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ಟಿಲ್ಲದೆ ಸತ್ತ 50 ಸಾವಿರಕ್ಕೂ ಹೆಚ್ಚು ಜನರಲ್ಲಿ 14 ಸಾವಿರಕ್ಕೂ ಹೆಚ್ಚಿನವರು ಹಿಂಬದಿ ಸವಾರರು. ಕರ್ನಾಟಕದಲ್ಲಿ 2016ರಿಂದಲೇ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಮೋಟಾರು ವಾಹನ ಕಾಯ್ದೆ ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಅದನ್ನು ವಿಧಿಸುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅವರ ಅಳತೆಯ ಹೆಲ್ಮೆಟ್ಟು, ಸವಾರನಿಗೆ ಕಟ್ಟುವ ಪಟ್ಟಿ ಬೇಕು. ವೇಗ 40 ದಾಟಬಾರದೆಂಬ ನಿಯಮ 2023ರಿಂದ ಜಾರಿಯಲ್ಲಿದೆ. ಆದರೆ ನಾವು ಕಾಣುವುದೇನು? ಯಜಮಾನರ ತಲೆಗೆ ಹೆಲ್ಮೆಟ್, ತಾಯಿಯ ತಲೆಗೆ ಸೆರಗು, ಮಗುವಿನ ತಲೆಗೆ ಉಲ್ಲನ್ ಟೋಪಿ. ಒಂದೇ ಬದಿಗೆ ಕಾಲು ಹಾಕಿ ಕುಳಿತ ಹೆಣ್ಣುಮಕ್ಕಳು ರಸ್ತೆಯುಬ್ಬಿನಲ್ಲಿ ಹಿಂದಕ್ಕೆ ಉರುಳುತ್ತಾರೆ. ಮೊದಲು ನೆಲಕ್ಕೆ ತಾಗುವುದು ತಲೆಯ ಹಿಂಭಾಗ. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕುವುದು ಇನ್ನೊಂದು ಕಾರಣ. ಹಿಂದಿನ ಚಕ್ರವನ್ನು ಅರ್ಧದಷ್ಟಾದರೂ ಮುಚ್ಚುವ ರಕ್ಷಾಫಲಕ, ಹಿಡಿಕೆ, ಕಾಲಿಡುವ ಮೆಟ್ಟಿಲು ಬೈಕಿಗೆ ಇರಲೇಬೇಕೆಂದು ನಿಯಮವಿದೆ. ಅಂದ ಕೆಡುತ್ತದೆಂದು ಹುಡುಗರು ಅವುಗಳನ್ನು ಬಿಚ್ಚಿಸುತ್ತಾರೆ. ತಾಯಂದಿರು ಅದೇ ಬೈಕಿನ ಹಿಂದೆ ಕೂರುತ್ತಾರೆ.

ಇಷ್ಟಾದರೂ ಅಪಘಾತ ಕಣ್ಣೆದುರು ನಡೆದರೆ ಮೊದಲು 108ಕ್ಕೆ ಕರೆ ಮಾಡಬೇಕು. ಗಾಯಾಳುವಿಗೆ ನೀರು, ಸೋಡಾ ಕುಡಿಸುವುದು ನಮ್ಮಲ್ಲಿ ಕರುಣೆಯ ಮೊದಲ ಲಕ್ಷಣ. ಆದರೆ ಎಚ್ಚರವಿಲ್ಲದವರಲ್ಲಿ ಅದು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟಿಸುತ್ತದೆ. ಕೈಕಾಲು ಹಿಡಿದೆತ್ತಿ ಆಟೊದಲ್ಲಿ ಮಡಚಿ ತುಂಬಿದರೆ ಮುರಿದ ಬೆನ್ನುಹುರಿ ಪೂರ್ತಿ ಕತ್ತರಿಸಿಹೋಗಬಹುದು. ರಕ್ತ ಹರಿಯುವಲ್ಲಿ ಶುಭ್ರವಾದ ಬಟ್ಟೆಯಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಉಸಿರು ಸರಾಗವಾಗಿದ್ದರೆ ಹೆಲ್ಮೆಟ್ ತೆಗೆಯಲು ಹೋಗಬಾರದು. ಎಚ್ಚರವಿಲ್ಲದೆ ವಾಂತಿಯಾಗುತ್ತಿದ್ದರೆ, ಇಬ್ಬರು ಮೂವರು ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಮೈಯನ್ನು ಪಕ್ಕಕ್ಕೆ ಹೊರಳಿಸಬೇಕು.

‘ಮುಟ್ಟಿದರೆ ಕೋರ್ಟಿಗೆ ಅಲೆಯಬೇಕು’ ಎಂಬ ಭಯ ಹಳೆಯದು, ಈಗ ಆಧಾರವಿಲ್ಲದ್ದು. ನೆರವಾದವರನ್ನು ಕಾಪಾಡಲೆಂದೇ ಕರ್ನಾಟಕ 2016ರಲ್ಲಿ ಕಾಯ್ದೆ ರಚಿಸಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಇಂತಹ ರಕ್ಷಣೆಯನ್ನು ದೇಶಕ್ಕೆಲ್ಲ ಅನ್ವಯಿಸಿತು; 2019ರಲ್ಲಿ ಮೋಟಾರು ವಾಹನ ಕಾಯ್ದೆಯಲ್ಲಿಯೇ ಅದು ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಹಣ ಕಟ್ಟಬೇಕಾದ್ದೂ ಇಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ಮುಂಗಡವಿಲ್ಲದೆ ಚಿಕಿತ್ಸೆ ದೊರೆಯಬೇಕು. ಮೊದಲ ಒಂದು ಗಂಟೆಯನ್ನು ವೈದ್ಯರು ಸುವರ್ಣ ಘಳಿಗೆ ಎನ್ನುತ್ತಾರೆ. ಹಣ ಹೊಂದಿಸುವ ಓಡಾಟದಲ್ಲಿ ಅದು ಕಳೆಯಬಾರದು.

ಕೊನೆಯದಾಗಿ, ಬಿದ್ದವರು ತಾವೇ ಎದ್ದು ಬಟ್ಟೆ ಕೊಡವಿಕೊಂಡು ‘ಏನೂ ಆಗಿಲ್ಲ’ ಎಂದು ಮನೆಗೆ ಬರುವ ಸಂದರ್ಭ. ಬುರುಡೆ ಮತ್ತು ಮೆದುಳಿನ ಹೊದಿಕೆಯ ನಡುವಿನ ರಕ್ತನಾಳ ಒಡೆದಿದ್ದರೆ ಕೆಲವು ಗಂಟೆ ಯಾವ ಲಕ್ಷಣವೂ ಕಾಣದಿರಬಹುದು. ಊಟ ಮಾಡುತ್ತಾರೆ, ಮಾತನಾಡುತ್ತಾರೆ, ದಣಿವೆಂದು ಮಲಗುತ್ತಾರೆ. ಒಳಗೆ ರಕ್ತ ತುಂಬುತ್ತಾ ಮೆದುಳನ್ನು ಒತ್ತುತ್ತಿರುತ್ತದೆ. ತಲೆಗೆ ಪೆಟ್ಟಾದವರನ್ನು ಮೊದಲ ರಾತ್ರಿ ಒಂಟಿಯಾಗಿ ಮಲಗಲು ಬಿಡದೆ, ಆಗಾಗ ಎಬ್ಬಿಸಿ ಹೆಸರು, ಊರು ಕೇಳುತ್ತಿರಬೇಕು. ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು, ಒಂದು ಕೈಯೋ ಕಾಲೋ ಸೋಲುವುದು, ಅಪಸ್ಮಾರದಂತಹ ಸೆಳೆತ, ಕಿವಿ ಮೂಗಿನಿಂದ ತಿಳಿ ನೀರು ಇಳಿಯುವುದು, ಎರಡು ಕಣ್ಣುಪಾಪೆಗಳ ಗಾತ್ರ ಬೇರೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಆಗಲೇ ಒಯ್ಯಬೇಕು. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಇಂತಹವರಲ್ಲಿ ಬಹುಮಂದಿ ಉಳಿಯುತ್ತಾರೆ.