ಸಾಮರ್ಥ್ಯದ ಅತಿಕಲ್ಪನೆ ಮತ್ತು ವಿದ್ಯಾರ್ಥಿಯ ಕ್ಷೇಮ

ತನ್ನ ಸಾಮರ್ಥ್ಯವನ್ನು ಇರುವುದಕ್ಕಿಂತ ಹೆಚ್ಚೆಂದು ಭಾವಿಸುವುದು ಮಾನಸಿಕ ಆರೋಗ್ಯಕ್ಕೆ ಪೋಷಕವೆಂದು ಶೆಲ್ಲಿ ಟೇಲರ್ ಮತ್ತು ಜೊನಾಥನ್ ಬ್ರೌನ್ 1988ರಲ್ಲಿ ವಾದಿಸಿದರು. ರಿಚರ್ಡ್ ರಾಬಿನ್ಸ್ ಮತ್ತು ಜೆನಿಫರ್ ಬಿಯರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೆಲವು ವರ್ಷಗಳ ಕಾಲ ಗಮನಿಸಿ, 2001ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ಅತಿಕಲ್ಪನೆಯುಳ್ಳವರು ಆರಂಭದಲ್ಲಿ ಉಲ್ಲಸಿತರಾಗಿದ್ದರು. ಆದರೆ ಇತರರಿಗಿಂತ ಉತ್ತಮ ಅಂಕ ಗಳಿಸಲಿಲ್ಲ. ಕಾಲಕ್ರಮೇಣ ಅವರ ಆತ್ಮಗೌರವವೂ ವ್ಯಾಸಂಗದ ಆಸಕ್ತಿಯೂ ಕುಂದಿದವು.

ಕನ್ನಡ ಮನೆಮಾತಾಗಿರುವ ಮಗು ತನಗೆ ಬರವಣಿಗೆಯೂ ಬರುತ್ತದೆಂದು ನಂಬಿರುವುದುಂಟು. ಶಿಕ್ಷಕರು ಆ ನಂಬಿಕೆಯನ್ನು ಹಳಿಯದೆ, ಅದಕ್ಕೆ ಆಧಾರ ಒದಗಿಸಬೇಕು. 'ನೀನು ಜಾಣ' ಎಂಬ ಬರಿಯ ಹೊಗಳಿಕೆಗಿಂತ 'ಒತ್ತಕ್ಷರಗಳು ಸರಿಯಾಗಿವೆ, ವಿಭಕ್ತಿ ಪ್ರತ್ಯಯಗಳನ್ನು ಮತ್ತೊಮ್ಮೆ ನೋಡು' ಎಂಬ ಮಾತು ಮಗುವಿಗೆ ಹೆಚ್ಚು ಉಪಕಾರಿ. ತನ್ನ ನಿಜವಾದ ಮಟ್ಟವನ್ನು ಅರಿತ ವಿದ್ಯಾರ್ಥಿ ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಧೃತಿಗೆಡದೆ ಕಲಿಕೆಯನ್ನು ಮುಂದುವರಿಸಬಲ್ಲನು.